ರಜೆಯ ತಿರುಗಾಟವೂ ಜನಸಂದಣಿಯೂ

ಓಣಂ, ನವರಾತ್ರಿ, ಕ್ರಿಸ್ಮಸ್, ಬೇಸಗೆ ಎಂದು ಶಾಲಾ ವರ್ಷದಲ್ಲಿ ರಜೆಗಳು ಒಂದರ ಹಿಂದೆ ಒಂದು ಬರುತ್ತವೆ. ರಜೆ ಎಂದೊಡನೆ ಮಕ್ಕಳ ಬಾಯಲ್ಲಿ ಮೊದಲು ಬರುವ ಪ್ರಶ್ನೆ "ಎಲ್ಲಿಗೆ ಹೋಗುವುದು?" ಎಂಬುದು. ಅಜ್ಜಿ ಮಧೂರಿಗೆ ಎನ್ನುತ್ತಾರೆ, ಅಪ್ಪ ಅನಂತಪುರಕ್ಕೆ ಎನ್ನುತ್ತಾರೆ, ಅಕ್ಕ ಪೊಸಡಿ ಗುಂಪೆಗೆ ಎನ್ನುತ್ತಾಳೆ, ಚಿಕ್ಕವರೆಲ್ಲ ಒಂದೇ ಕಂಠದಲ್ಲಿ ಬೇಕಲ ಕೋಟೆಗೆ ಎನ್ನುತ್ತಾರೆ. ಹೋಗಿ ನೋಡಿದರೆ ಕಾಸರಗೋಡಿನ ಅರ್ಧ ಊರೇ ಅಲ್ಲಿಗೆ ಬಂದಿರುತ್ತದೆ! ಬಸ್ಸಿನಲ್ಲಿ ನಿಲ್ಲಲು ಎಡೆಯಿಲ್ಲ, ಹೋಟೆಲಿನಲ್ಲಿ ಊಟ ಮುಗಿದಿದೆ, ಮಗು ಅಳುತ್ತಿದೆ, ಅಜ್ಜನಿಗೆ ಕಾಲು ನೋವು. ಸಂತೋಷಕ್ಕೆಂದು ಹೊರಟವರು ಸಿಡುಕಿನಿಂದ ಮನೆಗೆ ಮರಳುವುದುಂಟು.

ಹಾಗೆಂದು ಮನೆಯಲ್ಲೇ ಕುಳಿತಿರಬೇಕೆಂದು ನಾವು ಹೇಳುವುದಿಲ್ಲ. ತಿರುಗಾಟವೂ ಒಂದು ಪಾಠ. ಆದರೆ ಪಾಠಕ್ಕೆ ಸಿದ್ಧತೆ ಬೇಕಲ್ಲವೇ? ಜನಸಂದಣಿಯ ಸ್ವಭಾವವನ್ನು ತಿಳಿದುಕೊಂಡು ಹೊರಟರೆ ದಿನವೂ ಚೆನ್ನಾಗಿ ಕಳೆಯುತ್ತದೆ, ಜೀವಕ್ಕೂ ಕ್ಷೇಮ. ಆದುದರಿಂದ ಈ ವಿಷಯವನ್ನು ವಿದ್ಯಾರ್ಥಿಗಳೂ ಹೆತ್ತವರೂ ಜೊತೆಯಾಗಿ ಕುಳಿತು ಓದಲೆಂದು ಇಲ್ಲಿ ಬರೆದಿದ್ದೇವೆ.

1. ಸಾಲು ಬೆಳೆಯುವ ಲೆಕ್ಕ

ಜನ ಒಂದೇ ದಿನ ಸೇರಲು ಕಾರಣ ಸುಲಭವಾದದ್ದು. ನಮ್ಮ ರಾಜ್ಯದಲ್ಲಿ ಓಣಂ ಹಬ್ಬಕ್ಕೆ ಮೊದಲ ಓಣಂ, ತಿರುವೋಣಂ, ಮೂರನೆಯ ಓಣಂ, ನಾಲ್ಕನೆಯ ಓಣಂ ಎಂದು ಸಾಲಾಗಿ ಬಿಡುವು ಇದೆ. ಶಾಲೆಗೂ ರಜೆ, ಕಚೇರಿಗೂ ರಜೆ, ಬ್ಯಾಂಕಿಗೂ ರಜೆ. ಅದಕ್ಕೆ ಒಂದು ಭಾನುವಾರ ಕೂಡಿಕೊಂಡರೆ ಎಲ್ಲ ಮನೆಯವರಿಗೂ ಒಂದೇ ಯೋಚನೆ ಹೊಳೆಯುತ್ತದೆ. ಎಲ್ಲರೂ ಬೆಳಗಿನ ತಿಂಡಿ ಮುಗಿಸಿ ಹೊರಡುತ್ತಾರೆ, ಹತ್ತೂವರೆ ಹನ್ನೊಂದಕ್ಕೆ ತಲುಪುತ್ತಾರೆ, ಸೂರ್ಯಾಸ್ತ ನೋಡಿ ಒಟ್ಟಿಗೆ ಮರಳುತ್ತಾರೆ.

ಈಗ ಒಂದು ಸಣ್ಣ ಗಣಿತ ಮಾಡೋಣ. ಒಂದು ಪ್ರವೇಶದ್ವಾರಕ್ಕೆ ನಿಮಿಷಕ್ಕೆ 10 ಮಂದಿ ಬರುತ್ತಾರೆ, ಟಿಕೇಟು ಪಡೆದು ಒಳಗೆ ಹೋಗಲು ಸಾಧ್ಯವಾಗುವುದು 8 ಮಂದಿಗೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಉಳಿಯುವವರು ಇಬ್ಬರೇ. ಇದು ದೊಡ್ಡ ಸಂಗತಿಯಾಗಿ ಕಾಣುವುದಿಲ್ಲ. ಆದರೆ ಒಂದು ಗಂಟೆಯಲ್ಲಿ ಸಾಲಿನಲ್ಲಿ 120 ಮಂದಿ ನಿಂತಿರುತ್ತಾರೆ. ಆ ಹೊತ್ತಿಗೆ ಬಂದವನು 15 ನಿಮಿಷ ಕಾಯಬೇಕು. ಮೂರು ಗಂಟೆ ಹೀಗೆಯೇ ನಡೆದರೆ ಸಾಲು 360ಕ್ಕೆ ಏರುತ್ತದೆ, ಕಾಯುವ ಹೊತ್ತು 45 ನಿಮಿಷವಾಗುತ್ತದೆ. ಇಬ್ಬರ ಹೆಚ್ಚಳ ಇಷ್ಟೆಲ್ಲ ಮಾಡಿತು!

ಈ ಲೆಕ್ಕದಿಂದ ತಿಳಿಯುವುದೇನು? ಸಾಲು ಹುಟ್ಟುವ ಮೊದಲೇ ತಲುಪಬೇಕು. ಹನ್ನೊಂದರ ಬದಲು ಹನ್ನೊಂದೂವರೆಗೆ ಹೋದರೆ ಲಾಭವಿಲ್ಲ, ನಷ್ಟವೇ ಹೆಚ್ಚು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಉತ್ತಮ. ಅದಾಗದಿದ್ದರೆ ತಿರುವೋಣದ ಮರುದಿನವನ್ನು ಬಿಟ್ಟು ರಜೆಯ ಕೊನೆಗೆ ಬರುವ ಒಂದು ಸಾಧಾರಣ ದಿನವನ್ನು ಆರಿಸಿಕೊಳ್ಳಬಹುದು. ಮಕ್ಕಳಿಗೆ ಶಾಲೆಯಿಲ್ಲದ ದಿನಗಳು ಹಲವಿರುವಾಗ ಎಲ್ಲರೂ ಹೋಗುವ ದಿನವೇ ಹೋಗಬೇಕೆಂಬ ಹಟ ಏಕೆ?

2. ಸಂದಣಿಯ ಸ್ವಭಾವ

ಜನ ಹೆಚ್ಚಿದ್ದ ಮಾತ್ರಕ್ಕೆ ಅಪಾಯವೆಂದು ಹೇಳಲಾಗದು. ಎಷ್ಟು ಜಾಗದಲ್ಲಿ ಎಷ್ಟು ಮಂದಿ ನಿಂತಿದ್ದಾರೆ ಎಂಬುದೇ ಮುಖ್ಯ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯಿರಿ. ಅದರೊಳಗೆ ಇಬ್ಬರು ನಿಂತರೆ ಕೈ ಬೀಸಿ ನಡೆಯಲು ಎಡೆಯಿರುತ್ತದೆ. ನಾಲ್ವರು ನಿಂತರೆ ಮೈಗೆ ಮೈ ತಾಗತೊಡಗುತ್ತದೆ, ನಡಿಗೆ ನಿಧಾನವಾಗುತ್ತದೆ. ಆರೇಳು ಮಂದಿ ಸೇರಿದರೆ ಯಾರಿಗೂ ತಮ್ಮ ಕಾಲ ಮೇಲೆ ತಮಗೆ ಅಧಿಕಾರವಿರುವುದಿಲ್ಲ. ಹಿಂದಿನವರ ತಳ್ಳು ಅಲೆಯಂತೆ ಮುಂದಿನವರೆಗೆ ಹರಿಯುತ್ತದೆ. ಜನಸಮೂಹ ಆಗ ನೀರಿನಂತೆ ವರ್ತಿಸುತ್ತದೆಂದು ಇದನ್ನು ಅಭ್ಯಾಸ ಮಾಡಿದ ಇಂಜಿನಿಯರರು ಹೇಳುತ್ತಾರೆ.

ಇನ್ನೊಂದು ಮಾತನ್ನು ತಿಳಿದಿರಬೇಕು. "ಕಾಲ್ತುಳಿತ" ಎಂಬ ಪದವನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ಇಂಥ ಅನಾಹುತಗಳಲ್ಲಿ ಬಹಳಷ್ಟು ಜನ ಸಾಯುವುದು ತುಳಿತದಿಂದಲ್ಲ, ಉಸಿರುಗಟ್ಟಿ. ನಾಲ್ಕು ಕಡೆಯಿಂದಲೂ ಒತ್ತಡ ಬಿದ್ದಾಗ ಎದೆ ಅರಳುವುದಿಲ್ಲ. ಎದೆ ಅರಳದಿದ್ದರೆ ಶ್ವಾಸಕೋಶಕ್ಕೆ ಗಾಳಿ ಹೋಗುವುದಿಲ್ಲ. ನಿಂತಲ್ಲೇ ಪ್ರಾಣ ಹೋಗುವುದುಂಟು. ಹಿಂದೆ ನಿಂತು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ತಳ್ಳುವವನಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣುವುದೇ ಇಲ್ಲ. ಅವನು ಕೆಟ್ಟವನಲ್ಲ, ಆದರೆ ಅವನ ತಳ್ಳು ಮುಂದಿನ ಮಗುವಿನ ಎದೆಯ ಮೇಲೆ ಬೀಳುತ್ತದೆ.

ಕೆಲವು ಘಟನೆಗಳನ್ನು ನೆನೆಯೋಣ. 2011ರ ಜನವರಿ 14ರಂದು ಮಕರಜ್ಯೋತಿ ನೋಡಿ ಮರಳುತ್ತಿದ್ದಾಗ ಶಬರಿಮಲೆಯ ಸಮೀಪದ ಪುಲ್ಮೇಡಿನಲ್ಲಿ 100ಕ್ಕೂ ಹೆಚ್ಚು ಮಂದಿ ಮಡಿದರು. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಮೇಲ್ಸೇತುವೆಯಲ್ಲಿ ಮಳೆಯ ಹೊತ್ತು ಸೇರಿದ ಜನರಲ್ಲಿ 23 ಮಂದಿ ತೀರಿಕೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದ 11 ಮಂದಿ ಜೀವ ಕಳೆದುಕೊಂಡರು. ಒಂದು ಬೆಟ್ಟದ ಇಳಿಜಾರು, ಒಂದು ಮೆಟ್ಟಿಲು, ಒಂದು ಬಾಗಿಲು. ಮೂರರಲ್ಲೂ ಅಗಲವಾದ ಜಾಗದ ಜನ ಕಿರಿದಾದ ಜಾಗಕ್ಕೆ ಬಂದು ಸೇರಿದ್ದನ್ನು ಗಮನಿಸಿರಿ. ಎಲ್ಲಿ ದಾರಿ ಕಿರಿದಾಗುವುದೋ ಅಲ್ಲಿ ಎಚ್ಚರ ಹೆಚ್ಚಾಗಬೇಕು.

ಜನ ಹೆಚ್ಚಿರುವ ಉತ್ಸವಗಳಲ್ಲಿ ಬೆಡಿಯ ಬಗೆಗೂ ಜಾಗ್ರತೆ ಬೇಕು. 2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ಉತ್ಸವದ ರಾತ್ರಿ ಪಟಾಕಿ ಇರಿಸಿದ್ದ ಕೋಣೆಗೆ ಬೆಂಕಿ ತಗಲಿ 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಬಳಿಕ ತೀರಿಕೊಂಡರು. ಬೆಡಿಯನ್ನು ದೂರದಿಂದ ನೋಡಿದರೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

3. ಹೊರಡುವ ಮೊದಲು

ಹಿಂದಿನ ದಿನ ರಾತ್ರಿ ಊಟದ ಬಳಿಕ ಮನೆಯವರೆಲ್ಲ ಹತ್ತು ನಿಮಿಷ ಕುಳಿತು ಮಾತನಾಡುವುದು ಒಳ್ಳೆಯದು. ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಬಸ್ಸಿಗೆ, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ನಿಶ್ಚಯಿಸಬೇಕು. ಒಂದೇ ದಿನದಲ್ಲಿ ಮಧೂರು, ಅನಂತಪುರ, ಬೇಕಲ ಮೂರನ್ನೂ ಮುಗಿಸುವ ಆಸೆ ಬೇಡ. ಒಂದು ಜಾಗವನ್ನು ಸಾವಧಾನವಾಗಿ ನೋಡಿದರೆ ಅದು ನೆನಪಿನಲ್ಲಿ ಉಳಿಯುತ್ತದೆ.

ಎರಡನೆಯದಾಗಿ, ಹೊಣೆ ಹಂಚಿಕೊಳ್ಳಬೇಕು. ಹನ್ನೆರಡು ಮಂದಿಯ ಗುಂಪಿನಲ್ಲಿ ನಾಲ್ವರು ಚಿಕ್ಕ ಮಕ್ಕಳಿದ್ದರೆ ಪ್ರತಿ ಮಗುವಿಗೂ ಒಬ್ಬ ಹಿರಿಯರನ್ನು ಹೆಸರು ಹಿಡಿದು ಗೊತ್ತುಮಾಡಬೇಕು. ಪುಟ್ಟನ ಕೈ ಮಾವನ ಕೈಯಲ್ಲಿ, ಪುಟ್ಟಿಯ ಕೈ ಚಿಕ್ಕಮ್ಮನ ಕೈಯಲ್ಲಿ ಎಂದಿರಲಿ. "ಎಲ್ಲರೂ ಇದ್ದಾರಲ್ಲ, ಯಾರಾದರೂ ನೋಡಿಕೊಳ್ಳುತ್ತಾರೆ" ಎಂದುಕೊಂಡರೆ ಕೊನೆಗೆ ಯಾರೂ ನೋಡಿಕೊಂಡಿರುವುದಿಲ್ಲ. ಅಜ್ಜ ಅಜ್ಜಿಯರ ಜೊತೆಗೂ ಒಬ್ಬರು ಇರಬೇಕು. ಅವರ ನಡಿಗೆಯ ವೇಗವೇ ಗುಂಪಿನ ವೇಗವಾಗಬೇಕು.

ಮೂರನೆಯದು ಬುತ್ತಿಯ ವಿಷಯ. ಇಲ್ಲಿ ತಾಯಂದಿರ ಪರವಾಗಿ ಒಂದು ಮಾತು ಹೇಳಲೇಬೇಕು. ಎಲ್ಲರಿಗೂ ರಜೆ ಎನ್ನುವ ದಿನ ಅಮ್ಮ ಮಾತ್ರ ಬೆಳಗ್ಗೆ ನಾಲ್ಕಕ್ಕೆ ಎದ್ದು ಹನ್ನೆರಡು ಮಂದಿಗೆ ಇಡ್ಲಿ, ಚಟ್ನಿ, ಚಿತ್ರಾನ್ನ, ಮೊಸರನ್ನ ಕಟ್ಟಿ, ಪಾತ್ರೆ ತೊಳೆದು, ಮಕ್ಕಳಿಗೆ ಬಟ್ಟೆ ತೊಡಿಸಿ, ಕೊನೆಗೆ ತಾನು ತಲೆ ಬಾಚಲೂ ಹೊತ್ತಿಲ್ಲದೆ ಬಸ್ಸು ಹತ್ತುತ್ತಾಳೆ. ಮರಳಿ ಬಂದ ಮೇಲೂ ಅಡುಗೆಮನೆ ಅವಳದೇ. ಇದು ಸರಿಯೇ? ತೆಂಗಿನಕಾಯಿ ತುರಿಯುವುದು, ಬುತ್ತಿ ಕಟ್ಟುವುದು, ನೀರಿನ ಬಾಟಲಿ ತುಂಬುವುದು, ಮರಳಿ ಬಂದು ಪಾತ್ರೆ ತೊಳೆಯುವುದು, ಇವುಗಳನ್ನು ಹೈಸ್ಕೂಲಿನ ಹುಡುಗರೂ ಹುಡುಗಿಯರೂ ಮಾಡಬಲ್ಲರು. ಅಮ್ಮನಿಗೂ ಒಂದು ದಿನ ರಜೆ ಸಿಕ್ಕಿದರೆ ಮಾತ್ರ ಅದನ್ನು ಕುಟುಂಬದ ರಜೆ ಎನ್ನಬಹುದು.

ಜೊತೆಗೆ ಒಯ್ಯಬೇಕಾದವುಗಳು: ಕುದಿಸಿ ಆರಿಸಿದ ನೀರು, ಬೇಗ ಹಳಸದ ತಿಂಡಿ, ಬಾಳೆಹಣ್ಣು, ಹಿರಿಯರ ಮದ್ದು, ಕೊಡೆ, ಒಂದು ಟವೆಲು, ಕಸ ಹಾಕಲು ಒಂದು ಚೀಲ, ಸ್ವಲ್ಪ ಚಿಲ್ಲರೆ ಹಣ. ಚಿಲ್ಲರೆ ಏಕೆಂದರೆ, ಇಂದು ಎಲ್ಲ ಅಂಗಡಿಗಳಲ್ಲೂ ಮೊಬೈಲಿನಿಂದ ಹಣ ಕೊಡುವುದು ರೂಢಿಯಾಗಿದೆ. ಆದರೆ ಸಾವಿರಾರು ಜನ ಒಂದೆಡೆ ಸೇರಿದಾಗ ಸಂಪರ್ಕಜಾಲದ ಮೇಲೆ ಒತ್ತಡ ಬಿದ್ದು ಮೊಬೈಲು ಕೈಕೊಡುವುದುಂಟು. ಮಾತನಾಡಲೂ ಆಗದು, ಹಣ ಕೊಡಲೂ ಆಗದು. ಚಿನ್ನದ ಒಡವೆಗಳನ್ನು ಮನೆಯಲ್ಲೇ ಬಿಡುವುದು ಕ್ಷೇಮ.

4. ದಾರಿಯಲ್ಲಿ

ಬಸ್ಸು ಬಂದೊಡನೆ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವುದನ್ನು ಜಾಣತನವೆಂದು ತಿಳಿದವರಿದ್ದಾರೆ. ಇಳಿಯುವವರು ಇಳಿದ ಮೇಲೆ ಹತ್ತಿದರೆ ಇಬ್ಬರಿಗೂ ಹೊತ್ತು ಉಳಿಯುತ್ತದೆ. ಗುಂಪು ದೊಡ್ಡದಿದ್ದರೆ ಒಬ್ಬ ಹಿರಿಯರು ಮೊದಲು ಹತ್ತಬೇಕು, ಮಕ್ಕಳು ನಡುವೆ, ಇನ್ನೊಬ್ಬ ಹಿರಿಯರು ಕೊನೆಗೆ. ಇಳಿಯುವಾಗಲೂ ಹೀಗೆಯೇ. ಇಳಿದೊಡನೆ ತಲೆ ಎಣಿಸಬೇಕು. ಎಣಿಸುವ ಕೆಲಸವನ್ನು ಗುಂಪಿನಲ್ಲಿ ಗಣಿತ ಚೆನ್ನಾಗಿ ಬರುವ ಹುಡುಗನಿಗೋ ಹುಡುಗಿಗೋ ಕೊಡಿ. ಅವರಿಗೆ ಅದೊಂದು ಹೆಮ್ಮೆ.

ರಿಕ್ಷಾದಲ್ಲಿ ಮೂವರು ಕುಳಿತುಕೊಳ್ಳುವ ಕಡೆ ಏಳು ಮಂದಿ ಕುಳಿತು, ಜೀಪಿನ ಹಿಂದೆ ಜೋತು ಬಿದ್ದು ಹೋಗುವುದು ಬೇಡ. ರೈಲಿನಲ್ಲಿ ಹೋಗುವವರು ಹಳಿ ದಾಟದೆ ಮೇಲ್ಸೇತುವೆಯನ್ನೇ ಉಪಯೋಗಿಸತಕ್ಕದ್ದು. ಚಲಿಸುವ ಗಾಡಿಗೆ ಹತ್ತಲು ಓಡಬಾರದು. ಗುಂಪಿನ ಅರ್ಧ ಜನ ಹತ್ತಿ ಅರ್ಧ ಜನ ಉಳಿದರೆ ಏನು ಮಾಡಬೇಕೆಂಬುದನ್ನು ಮೊದಲೇ ನಿಶ್ಚಯಿಸಿರಿ: ಹತ್ತಿದವರು ಇಳಿಯಬೇಕಾದ ನಿಲ್ದಾಣದಲ್ಲೇ ಇಳಿದು ಅಲ್ಲೇ ಕಾಯಬೇಕು, ಉಳಿದವರು ಮುಂದಿನ ಗಾಡಿಗೆ ಬರಬೇಕು. ಇಷ್ಟು ಮಾತು ಮೊದಲೇ ಆಗಿದ್ದರೆ ಓಡುವ ಗಾಡಿಯಿಂದ ಹಾರುವ ಯೋಚನೆ ಯಾರಿಗೂ ಬಾರದು.

5. ಸ್ಥಳದಲ್ಲಿ: ಬೇಕಲ ಕೋಟೆಯ ಉದಾಹರಣೆ

ನಮ್ಮ ಜಿಲ್ಲೆಯಲ್ಲಿ ರಜೆಯ ದಿನ ಹೆಚ್ಚು ಜನ ಸೇರುವ ಜಾಗಗಳಲ್ಲಿ ಬೇಕಲವೂ ಒಂದು. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮ, ಪಾಲಕ್ಕುನ್ನು ದಾರಿಯಾಗಿ ತೆಂಕಕ್ಕೆ ಸುಮಾರು 16 ಕಿಲೋಮೀಟರು ಹೋದರೆ ಕೋಟೆ ಸಿಗುತ್ತದೆ. ಕೆಳದಿಯ ಶಿವಪ್ಪ ನಾಯಕನು 1650ರ ಸುಮಾರಿಗೆ ಕಟ್ಟಿಸಿದ ಈ ಕೋಟೆ 40 ಎಕರೆಗಳಷ್ಟು ವಿಸ್ತಾರವಾಗಿದೆ; ಕೇರಳದ ಕೋಟೆಗಳಲ್ಲೆಲ್ಲ ದೊಡ್ಡದು. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಇದೂ ಮೈಸೂರಿನ ಕೈಸೇರಿತು, 1799ರ ಬಳಿಕ ಇಂಗ್ಲಿಷರದಾಯಿತು. ಆಮೇಲೆ ಬಹುಕಾಲ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಿಗೆ ಬೇಕಲವೆಂದೇ ಹೆಸರಿತ್ತು. ಶಿವಮೊಗ್ಗದ ಕಡೆಯ ಕನ್ನಡ ಅರಸನೊಬ್ಬನು ಇಷ್ಟು ದೂರ ಬಂದು ಸಮುದ್ರಕ್ಕೆ ಎದುರಾಗಿ ಕೆಂಪುಕಲ್ಲಿನ ಗೋಡೆ ಕಟ್ಟಿಸಿದನೆಂಬುದು ನಮ್ಮ ಮಕ್ಕಳು ತಿಳಿಯತಕ್ಕ ಸಂಗತಿ.

ಈ ಕೋಟೆಯನ್ನು ಸಂದಣಿಯಿಲ್ಲದೆ ನೋಡುವುದು ಹೇಗೆ? ಒಳಗೆ ಹೋದವರಲ್ಲಿ ಹೆಚ್ಚಿನವರು ನೇರವಾಗಿ ಎತ್ತರದ ಬುರುಜಿಗೂ ಕಡಲ ಬದಿಯ ಕೊತ್ತಳಕ್ಕೂ ಹೋಗುತ್ತಾರೆ. ಎಲ್ಲರಿಗೂ ಅಲ್ಲಿಯೇ ಪಟ ತೆಗೆಯಬೇಕು. ಬೆಳಗ್ಗೆ ಬೇಗ ಹೋದವರು ಮೊದಲು ಬುರುಜನ್ನು ಹತ್ತಿ ಇಳಿದುಬಿಡಲಿ. ತಡವಾಗಿ ಹೋದವರು ಮೊದಲು ಮೆಟ್ಟಿಲುಗಳುಳ್ಳ ಕೆರೆಯನ್ನೂ ಒಳಗಿನ ಹಳೆಯ ಅಡಿಪಾಯಗಳನ್ನೂ ಗೋಡೆಯಲ್ಲಿ ಕೋವಿಗಾಗಿ ಇಟ್ಟ ಕಿಂಡಿಗಳನ್ನೂ ನೋಡಲಿ. ಕಿಂಡಿಗಳು ಬೇರೆ ಬೇರೆ ಓರೆಯಲ್ಲಿ ಏಕಿವೆ ಎಂದು ಮಕ್ಕಳನ್ನು ಕೇಳಿ ನೋಡಿರಿ. ಇಷ್ಟು ದೊಡ್ಡ ಜಾಗದಲ್ಲಿ ಜನರಿಲ್ಲದ ಮೂಲೆಗಳು ಎಷ್ಟೋ ಇವೆ.

ಮೂರು ಎಚ್ಚರಿಕೆಗಳು ಅವಶ್ಯ. ಕೋಟೆಗೋಡೆಯ ಅಂಚಿಗೆ ಹೋಗಿ ಬೆನ್ನು ಹಾಕಿ ನಿಂತು ಪಟ ತೆಗೆಯಬಾರದು. ಮಳೆಗಾಲದಲ್ಲಿ ಕೆಂಪುಕಲ್ಲು ಪಾಚಿ ಹಿಡಿದು ಜಾರುತ್ತದೆ. ಎರಡನೆಯದು, ಓಣಂ ಬರುವುದು ಮಳೆ ಪೂರ್ತಿ ಹಿಮ್ಮೆಟ್ಟುವ ಮೊದಲು. ಕಡಲು ಆಗಲೂ ಮುನಿದಿರುತ್ತದೆ. ದಡಕ್ಕೆ ಬಂದ ನೀರು ಹಿಂದೆ ಹೋಗುವಾಗ ಒಮ್ಮೊಮ್ಮೆ ಹೊಳೆಯಂತೆ ಒಂದೇ ಕಡೆ ಬಲವಾಗಿ ಎಳೆಯುತ್ತದೆ, ಈಜು ಬಲ್ಲವನನ್ನೂ ಒಯ್ಯುತ್ತದೆ. ನೂರಾರು ಜನ ನೀರಿನಲ್ಲಿದ್ದಾರೆಂಬುದು ಕ್ಷೇಮದ ಗುರುತಲ್ಲ. ರಕ್ಷಕರು ಬೇಡವೆಂದರೆ ಇಳಿಯಲೇಬಾರದು. ಮೂರನೆಯದು, ಶೌಚಾಲಯದ ಸಾಲು ಉದ್ದವೆಂದು ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದೆ ಇರುವುದುಂಟು. ಇದರಿಂದ ತಲೆನೋವು, ಉರಿಮೂತ್ರ ಬರುತ್ತವೆ. ತಲುಪಿದೊಡನೆ ಶೌಚಾಲಯ ಎಲ್ಲಿದೆಯೆಂದು ನೋಡಿ, ಸಾಲು ಇಲ್ಲದಾಗಲೇ ಹೋಗಿ ಬರಬೇಕು. ಹಿರಿಯರು ಇದನ್ನು ಸಂಕೋಚವಿಲ್ಲದೆ ಹೇಳಿಕೊಡಬೇಕು.

6. ಮಗು ತಪ್ಪಿಹೋದರೆ

ಜನಸಂದಣಿಯಲ್ಲಿ ಹೆತ್ತವರ ಎದೆ ಒಡೆಯುವ ಸಂಗತಿಯೆಂದರೆ ಇದು. ಸ್ಥಳಕ್ಕೆ ತಲುಪಿದೊಡನೆ ದೂರದಿಂದ ಕಾಣುವ ಒಂದು ಗುರುತನ್ನು ಮಕ್ಕಳಿಗೆ ತೋರಿಸಿ, "ತಪ್ಪಿದರೆ ಇಲ್ಲಿಗೇ ಬಂದು ನಿಲ್ಲಬೇಕು" ಎನ್ನಬೇಕು. ತೀರ ಚಿಕ್ಕ ಮಗುವಾದರೆ ಇದ್ದಲ್ಲೇ ನಿಲ್ಲಲಿ, ಹುಡುಕುವವರು ಬರುತ್ತಾರೆ. ಹೆತ್ತವರ ದೂರವಾಣಿ ಸಂಖ್ಯೆಯನ್ನು ಮಗು ಬಾಯಿಪಾಠ ಮಾಡಿರಬೇಕು, ಚೀಟಿಯಲ್ಲಿ ಬರೆದು ಜೇಬಿನಲ್ಲೂ ಇಟ್ಟಿರಬೇಕು. ಮೊಬೈಲಿನಲ್ಲಿ ಸಂಖ್ಯೆ ಉಳಿಸಿಡುವ ಈ ಕಾಲದಲ್ಲಿ ಅಪ್ಪನ ಸಂಖ್ಯೆಯೇ ಗೊತ್ತಿಲ್ಲದ ಹತ್ತನೆಯ ತರಗತಿಯವರಿದ್ದಾರೆ.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ಕಷ್ಟವಿದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ. ಆದರೆ ಬೇಕಲದಲ್ಲಿ ಧ್ವನಿವರ್ಧಕದಲ್ಲಿ ಕೂಗುವುದು, ಪೊಲೀಸರು ವಿಚಾರಿಸುವುದು ಸಾಮಾನ್ಯವಾಗಿ ಮಲಯಾಳದಲ್ಲಿ. ಹೆದರಿದ ಮಗುವಿಗೆ ತಿಳಿದ ಮಾತೂ ನಾಲಿಗೆಗೆ ಬರುವುದಿಲ್ಲ. ಆದುದರಿಂದ ಈ ಎರಡು ವಾಕ್ಯಗಳನ್ನು ಎಲ್ಲ ಮಕ್ಕಳೂ ಕಲಿಯಲಿ: "ಎಂಡೆ ಅಮ್ಮಯೆ ಕಾಣುನ್ನಿಲ್ಲ." ಎಂದರೆ ನನ್ನ ಅಮ್ಮ ಕಾಣುತ್ತಿಲ್ಲ. "ಈ ನಂಬರಿಲೇಕ್ಕ್ ಒನ್ನು ವಿಳಿಕ್ಕಾಮೋ?" ಎಂದರೆ ಈ ನಂಬರಿಗೆ ಒಮ್ಮೆ ಕರೆ ಮಾಡುವಿರಾ. ಕನ್ನಡದ ಮೇಲಿನ ಅಭಿಮಾನಕ್ಕೆ ಇದರಿಂದ ಏನೂ ಕುಂದಿಲ್ಲ. ನೆರೆಯ ಭಾಷೆಯನ್ನು ಬಲ್ಲವನು ಸಂದಣಿಯಲ್ಲಿ ಒಂಟಿಯಾಗುವುದಿಲ್ಲ.

ಸಹಾಯಕ್ಕೆ ಸಮವಸ್ತ್ರದಲ್ಲಿರುವ ಪೊಲೀಸರನ್ನು, ಬ್ಯಾಜು ಧರಿಸಿದ ಸ್ವಯಂಸೇವಕರನ್ನು, ಇಲ್ಲವೇ ಮಕ್ಕಳೊಂದಿಗಿರುವ ತಾಯಿಯೊಬ್ಬರನ್ನು ಕೇಳಬೇಕು. "ನಿನ್ನ ಅಮ್ಮ ಅಲ್ಲಿದ್ದಾರೆ, ಬಾ" ಎಂದು ಕರೆದವರ ಹಿಂದೆ ಹೋಗಬಾರದು. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098, ರೈಲಿನಲ್ಲಾದರೆ 139. ಮಗು ಸಿಕ್ಕಿದ ಮೇಲೆ ಹೆತ್ತವರು ಮೊದಲು ಎತ್ತಿಕೊಳ್ಳಿರಿ, ಹೊಡೆಯಬೇಡಿರಿ. ಹೊಡೆತದ ಹೆದರಿಕೆಯಿರುವ ಮಗು ಮುಂದೊಮ್ಮೆ ತಪ್ಪಿದಾಗ ಅಡಗಿ ಕುಳಿತೀತು.

7. ಒತ್ತಡದಲ್ಲಿ ಸಿಲುಕಿದರೆ

ಎರಡು ಭುಜಗಳಿಗೂ ಅಪರಿಚಿತರ ಮೈ ಒಟ್ಟಿಗೆ ತಾಗತೊಡಗಿದರೆ ಅದೇ ಹೊರಬರುವ ಸೂಚನೆ. ಆಗಲೇ ಬದಿಗೆ ಸರಿಯಿರಿ. ಆ ಹೊತ್ತು ಮೀರಿದ್ದರೆ:

(ಅ) ಎರಡೂ ಕೈಗಳನ್ನು ಮಡಚಿ ಎದೆಯ ಮುಂದೆ ತುಸು ದೂರಕ್ಕೆ ಹಿಡಿಯಿರಿ. ಉಸಿರಾಡಲು ಅಷ್ಟು ಎಡೆ ಸಾಕು. ಕೂಗಿ ಉಸಿರು ಕಳೆದುಕೊಳ್ಳಬೇಡಿರಿ.

(ಆ) ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇರಿಸಿ ನಿಲ್ಲಿರಿ. ಚಿಕ್ಕ ಮಗುವನ್ನು ಎತ್ತಿಕೊಳ್ಳಿರಿ.

(ಇ) ಜನರ ಅಲೆಗೆ ಎದುರಾಗಿ ನೂಕಬೇಡಿರಿ. ಅಲೆ ನಿಂತ ಕ್ಷಣದಲ್ಲಿ ಓರೆಯಾಗಿ ಒಂದೊಂದೇ ಹೆಜ್ಜೆ ಅಂಚಿನ ಕಡೆಗೆ ಸರಿಯಿರಿ. ಗೋಡೆ, ಬೇಲಿ, ಕಂಬಗಳಿಗೆ ಒತ್ತಿ ನಿಲ್ಲಬೇಡಿರಿ.

(ಈ) ಚಪ್ಪಲಿಯೋ ಮೊಬೈಲೋ ಬಿದ್ದರೆ ಬಗ್ಗಬೇಡಿರಿ. ವಸ್ತು ಮತ್ತೆ ಸಿಗುತ್ತದೆ.

(ಉ) ಬಿದ್ದರೆ ಒಡನೆ ಏಳಲು ನೋಡಿರಿ. ಆಗದಿದ್ದರೆ ಮಗ್ಗುಲಾಗಿ ಮುದುಡಿ, ಕೈಗಳಿಂದ ತಲೆ ಮುಚ್ಚಿಕೊಳ್ಳಿರಿ. ಪಕ್ಕದವರು ಬಿದ್ದರೆ ಕೈಕೊಟ್ಟು ಎಬ್ಬಿಸಿರಿ.

8. ಮರಳುವಾಗ

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಮರಳುವ ಹೊತ್ತಿಗೆ ಹೆಚ್ಚು ಒಪ್ಪುತ್ತದೆ. ಬರುವಾಗ ಜನ ಬೆಳಗಿನಿಂದ ಬಿಡಿಬಿಡಿಯಾಗಿ ಬರುತ್ತಾರೆ. ಮರಳುವಾಗ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಕತ್ತಲಾಗುತ್ತಿರುತ್ತದೆ, ಮೈ ದಣಿದಿರುತ್ತದೆ, ಹಸಿವಿನಿಂದ ಕೋಪ ಹತ್ತಿರವಿರುತ್ತದೆ. ಪುಲ್ಮೇಡಿನ ದುರಂತವೂ ಮರಳುವಾಗಲೇ ಆದುದು. ಆದುದರಿಂದ ಎಲ್ಲರೂ ಏಳುವುದಕ್ಕೆ ಅರ್ಧ ಗಂಟೆ ಮೊದಲು ಹೊರಡಿರಿ. ಅದು ತಪ್ಪಿದರೆ ಅವಸರಪಡದೆ ಹೊರಗಿನ ಬಯಲಲ್ಲಿ ಕುಳಿತು ಉಳಿದ ಬುತ್ತಿ ತಿಂದು, ಮೊದಲ ಎರಡು ಬಸ್ಸುಗಳನ್ನು ಬಿಟ್ಟುಬಿಡಿರಿ. ಕಸವನ್ನು ಚೀಲದಲ್ಲಿ ತನ್ನಿರಿ. ಮನೆಗೆ ಮುಟ್ಟಿದ ಮೇಲೆ ಮಕ್ಕಳು ನೋಡಿದ್ದನ್ನು ಅರ್ಧ ಪುಟ ಬರೆಯಲಿ.

ಮಧೂರಿನಲ್ಲಿ 1992ರ ಬಳಿಕ 2025ರಲ್ಲಿ ಮೂಡಪ್ಪ ಸೇವೆ ನಡೆಯಿತು. 33 ವರ್ಷಗಳಿಗೊಮ್ಮೆ ಸಿಕ್ಕಿದ ಅವಕಾಶವೆಂದು ದೂರದೂರದಿಂದ ಜನ ಬಂದರು. ಅಂಥ ದಿನ ಸಂದಣಿಯನ್ನು ತಪ್ಪಿಸಲಾಗದು, ಬೇಕಾಗಿಯೂ ಇಲ್ಲ. ಜನರ ನಡುವೆ ಜನರಾಗಿ ಇರುವುದೂ ಒಂದು ಸುಖವೇ. ಪಕ್ಕದವರಿಗೆ ಒಂದು ಹೆಜ್ಜೆಯ ಜಾಗ ಬಿಟ್ಟು ನಿಲ್ಲುವುದನ್ನು ನಮ್ಮ ಮಕ್ಕಳು ಕಲಿತರೆ, ಆ ಒಂದು ಹೆಜ್ಜೆಯಲ್ಲಿ ಯಾರದೋ ಮಗು ಉಸಿರಾಡುತ್ತದೆ.

ಅಭ್ಯಾಸ

1. ನಿಮಿಷಕ್ಕೆ 12 ಮಂದಿ ಬಂದು, 9 ಮಂದಿ ಮಾತ್ರ ಒಳಗೆ ಹೋದರೆ ಒಂದೂವರೆ ಗಂಟೆಯ ಬಳಿಕ ಸಾಲಿನಲ್ಲಿ ಎಷ್ಟು ಮಂದಿ ಇರುತ್ತಾರೆ? ಕೊನೆಯವನು ಎಷ್ಟು ಹೊತ್ತು ಕಾಯಬೇಕು?

2. ಶಾಲೆಯ ಅಂಗಳದಲ್ಲಿ ಒಂದು ಚದರ ಮೀಟರ್ ಚೌಕ ಬರೆದು ಇಬ್ಬರು, ಮೂವರು, ನಾಲ್ವರು ನಿಂತು ನೋಡಿರಿ. ಅಧ್ಯಾಪಕರ ಎದುರಿನಲ್ಲೇ ಮಾಡಬೇಕು, ನಾಲ್ವರಿಗಿಂತ ಹೆಚ್ಚು ಮಂದಿ ನಿಲ್ಲಬಾರದು, ಯಾರೂ ತಳ್ಳಬಾರದು. ಅನುಭವವನ್ನು ಬರೆಯಿರಿ.

3. ಮನೆಯವರಲ್ಲಿ ಇಬ್ಬರ ದೂರವಾಣಿ ಸಂಖ್ಯೆಗಳನ್ನು ಪುಸ್ತಕ ನೋಡದೆ ಹೇಳಿರಿ.

4. ಮುಂದಿನ ರಜೆಯ ತಿರುಗಾಟಕ್ಕೆ ನಿಮ್ಮ ಮನೆಯ ಕೆಲಸಗಳನ್ನು ಯಾರು ಯಾರು ಮಾಡಬೇಕೆಂದು ಒಂದು ಪಟ್ಟಿ ತಯಾರಿಸಿರಿ. ಅಮ್ಮನ ಹೆಸರಿನ ಮುಂದೆ ಎಷ್ಟು ಕೆಲಸಗಳಿವೆ ಎಂದು ಎಣಿಸಿ ನೋಡಿರಿ.